ಗ್ರೀಕ್ ಕಲಿಯದೆ ಗ್ರೀಕರನ್ನು ಓದಬಹುದೇ?

ಪ್ರಶ್ನೆ: ನಾನು ಕನ್ನಡ ಎಂ.ಎ. ಮಾಡಿ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ನಾಟಕದ ಮೂಲವನ್ನು ಹುಡುಕಿಕೊಂಡು ಹೋದವನು ಸೋಫೋಕ್ಲಿಸನ ನಾಟಕಗಳನ್ನೂ ಪ್ಲೇಟೋನ ಒಂದೆರಡು ಸಂವಾದಗಳನ್ನೂ ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಈಗ ಪ್ರಾಚೀನ ಗ್ರೀಕರ ಮತ್ತು ರೋಮನ್ನರ ಸಾಹಿತ್ಯ, ತತ್ತ್ವಶಾಸ್ತ್ರ, ಸಂಸ್ಕೃತಿಗಳನ್ನು ಕ್ರಮವಾಗಿ ಅಧ್ಯಯನ ಮಾಡಬೇಕೆಂಬ ಆಸೆ ಹುಟ್ಟಿದೆ. ಮೂಲಭಾಷೆ ಕಲಿಯದೆ ಇದು ಸಾಧ್ಯವೇ? ಸಾಹಿತ್ಯ ಮೊದಲೋ, ತತ್ತ್ವಶಾಸ್ತ್ರ ಮೊದಲೋ? ಎಲ್ಲಿಂದ ಆರಂಭಿಸಬೇಕು? ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆ ಎನ್ನುವುದು ನಿಜವೇ?

ಉತ್ತರ: ಮೂಲಭಾಷೆ ಕಲಿಯದೆ ಓದುವುದು ಖಂಡಿತ ಸಾಧ್ಯ, ಅಧ್ಯಯನ ಮಾತ್ರ ಬಹಳ ದೂರ ಸಾಗುವುದಿಲ್ಲ. ಹಾಗೆಂದು ಮೊದಲು ವ್ಯಾಕರಣವನ್ನೆಲ್ಲ ಮುಗಿಸಿ ಆಮೇಲೆ ಕೃತಿಗಳ ಬಳಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ, ಏಕೆಂದರೆ ಹಾಗೆ ಹೊರಟವರಲ್ಲಿ ಹೆಚ್ಚಿನವರು ಕ್ರಿಯಾಪದಗಳ ಪಟ್ಟಿಯಲ್ಲೇ ದಣಿದು ನಿಲ್ಲುತ್ತಾರೆ. ಒಂದೇ ಒಂದು ಕೃತಿಯನ್ನು ಆರಿಸಿಕೊಂಡು, ಅದನ್ನು ಅನುವಾದದಲ್ಲಿ ಎರಡು ಮೂರು ಸಲ ಓದಿ, ಅದರ ಸುತ್ತಣ ಕಾಲವನ್ನು ತಿಳಿದುಕೊಂಡು, ಅದೇ ಕೃತಿಯನ್ನು ಮೂಲದಲ್ಲಿ ಓದುವ ಸಲುವಾಗಿಯೇ ಭಾಷೆಯನ್ನು ಕಲಿಯುವುದು ನಾನು ಸೂಚಿಸುವ ದಾರಿ. ಸಾಹಿತ್ಯವೋ ತತ್ತ್ವಶಾಸ್ತ್ರವೋ ಎಂಬ ಎರಡನೆಯ ಪ್ರಶ್ನೆಗೆ ಈ ದಾರಿಯಲ್ಲೇ ಉತ್ತರವಿದೆ. ಆ ವಿಂಗಡಣೆ ನಮ್ಮ ವಿಶ್ವವಿದ್ಯಾಲಯಗಳ ವಿಭಾಗಗಳದ್ದು. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಸಾಹಿತ್ಯ, ತತ್ತ್ವಶಾಸ್ತ್ರ, ಸಂಸ್ಕೃತಿ ಮೂರೂ ಒಂದೇ ಕಡೆ ಸೇರುವ ಕೃತಿಯೊಂದನ್ನು ಹೆಸರಿಸೆಂದರೆ ನಾನು ಪ್ಲೇಟೋ ಬರೆದ ಸಾಕ್ರೆಟೀಸನ ಪ್ರತಿವಾದವನ್ನು, ಇಂಗ್ಲಿಷಿನಲ್ಲಿ ‘ಅಪಾಲಜಿ’ ಎಂದು ಕರೆಯುವ ಕೃತಿಯನ್ನು, ಹೆಸರಿಸುತ್ತೇನೆ. ಅಲ್ಲಿ ಯಾರೂ ಕ್ಷಮೆ ಕೇಳುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಗ್ರೀಕಿನ ‘ಅಪೊಲೊಗಿಯಾ’ ಎಂದರೆ ನ್ಯಾಯಾಲಯದಲ್ಲಿ ಆಪಾದಿತನು ತನ್ನ ಪರವಾಗಿ ಆಡುವ ಮಾತು.

ಕ್ರಿ.ಪೂ. 399ರಲ್ಲಿ ಎಪ್ಪತ್ತು ವರ್ಷದ ಸಾಕ್ರೆಟೀಸ್ ಸುಮಾರು 500 ಮಂದಿ ನ್ಯಾಯದರ್ಶಿಗಳ ಮುಂದೆ ನಿಂತ. ಅವರು ಕಾನೂನು ಓದಿದವರಲ್ಲ. ಚೀಟಿ ಎತ್ತಿ ಆರಿಸಿದ ಸಾಮಾನ್ಯ ಪೌರರು. ನಗರವು ಒಪ್ಪಿದ ದೇವತೆಗಳನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ ಎಂಬುದು ಆಪಾದನೆ. ಇದನ್ನು ತತ್ತ್ವಜ್ಞಾನಿಯೊಬ್ಬನ ಮೇಲಿನ ಆಪಾದನೆ ಎಂದಷ್ಟೇ ಓದಿದರೆ ಅರ್ಧ ಕಥೆ ಕೈಬಿಟ್ಟಂತೆ. ತನ್ನ ನಿಜವಾದ ಆಪಾದಕರು ಎದುರಿಗಿರುವ ಮೆಲೀಟಸ್, ಅನಿಟಸ್, ಲೈಕನ್ ಮಾತ್ರವಲ್ಲ, ಹಿಂದಿನಿಂದ ಹಬ್ಬಿಬಂದ ಅಪಪ್ರಚಾರ ಎನ್ನುವ ಸಾಕ್ರೆಟೀಸ್, ಆ ಅಪಪ್ರಚಾರಕ್ಕೆ ಉದಾಹರಣೆಯಾಗಿ ಒಂದು ಹಾಸ್ಯನಾಟಕವನ್ನು ನೆನಪಿಸುತ್ತಾನೆ. ಅದು ಅರಿಸ್ಟೋಫನೀಸನ ‘ಮೋಡಗಳು’, ಕ್ರಿ.ಪೂ. 423ರಲ್ಲಿ ಡಯೊನೈಸಸ್ ಹಬ್ಬದಲ್ಲಿ ಆಡಿದ ನಾಟಕ. ಬುಟ್ಟಿಯಲ್ಲಿ ನೇತಾಡುತ್ತ ಆಕಾಶವನ್ನು ಪರೀಕ್ಷಿಸುವ ಸಾಕ್ರೆಟೀಸನನ್ನು ಅದರಲ್ಲಿ ನೋಡಿ ನಕ್ಕವರಲ್ಲಿ ಕೆಲವರಾದರೂ ಇಪ್ಪತ್ತನಾಲ್ಕು ವರ್ಷಗಳ ಮೇಲೆ ಮತ ಹಾಕಲು ಕುಳಿತಿದ್ದಿರಬೇಕು.

ರಾಜಕೀಯವೂ ಹಿಂದೆಯೇ ಇದೆ. ಕ್ರಿ.ಪೂ. 404ರಲ್ಲಿ ಸ್ಪಾರ್ಟಕ್ಕೆ ಸೋತ ಅಥೆನ್ಸಿನಲ್ಲಿ ಮೂವತ್ತು ಮಂದಿಯ ಕ್ರೂರ ಆಡಳಿತ ಬಂದಿತು. ಅದರ ಮುಂದಾಳಾದ ಕ್ರಿಟಿಯಾಸ್ ಹಿಂದೆ ಸಾಕ್ರೆಟೀಸನ ಜೊತೆಗಾರರಲ್ಲಿ ಒಬ್ಬ, ಪ್ಲೇಟೋನ ತಾಯಿಯ ಕಡೆಯ ಬಂಧು. ಮರುವರ್ಷ ಪ್ರಜಾಪ್ರಭುತ್ವ ಮರಳಿದಾಗ, ಹಳೆಯ ರಾಜಕೀಯ ಅಪರಾಧಗಳಿಗಾಗಿ ಮೊಕದ್ದಮೆ ಹೂಡಬಾರದೆಂಬ ಒಪ್ಪಂದವಾಯಿತು. ಆದುದರಿಂದ ಆಪಾದನೆಯಲ್ಲಿ ಕ್ರಿಟಿಯಾಸನ ಹೆಸರಿಲ್ಲ. ಆದರೆ ಜನರ ಮನಸ್ಸಿನಲ್ಲಿ ಅದಿತ್ತು: ಕ್ರಿ.ಪೂ. 345ರಲ್ಲಿ ಈಸ್ಕಿನೀಸ್ ಎಂಬ ವಾಗ್ಮಿ, ಕ್ರಿಟಿಯಾಸನಿಗೆ ಕಲಿಸಿದ್ದಕ್ಕಾಗಿಯೇ ನೀವು ಸಾಕ್ರೆಟೀಸನನ್ನು ಕೊಂದಿರಿ ಎಂದು ಅಥೆನ್ಸಿನವರಿಗೆ ನೇರವಾಗಿ ಹೇಳುತ್ತಾನೆ. ಹಾಸ್ಯನಾಟಕ, ಸೋತ ಯುದ್ಧ, ಕ್ಷಮಾದಾನದ ಕಾನೂನು, ದೇವತಾರಾಧನೆ, ಆತ್ಮಪರೀಕ್ಷೆಯ ತತ್ತ್ವ ಇವಿಷ್ಟೂ ಮೂವತ್ತು ಪುಟಗಳ ಒಂದು ಭಾಷಣದೊಳಗೆ ಹೆಣೆದುಕೊಂಡಿರುವಾಗ ಯಾವುದನ್ನು ಮೊದಲು ಓದುವುದೆಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಇದೇ ಕೃತಿಯಲ್ಲಿ ಅನುವಾದದ ಮಿತಿಯನ್ನೂ ಕಾಣಬಹುದು. ಅಥೆನ್ಸಿನ ನ್ಯಾಯಾಲಯದಲ್ಲಿ ಮಾತನಾಡುವವರು ‘ಓ ಆಂದ್ರೆಸ್ ದಿಕಸ್ತಾಯ್’, ಅಂದರೆ ನ್ಯಾಯದರ್ಶಿಗಳೇ, ಎಂದು ಸಂಬೋಧಿಸುವುದು ರೂಢಿಯಲ್ಲಿತ್ತು. ಆಪಾದಕ ಮೆಲೀಟಸನೂ ಹಾಗೆಯೇ ಸಂಬೋಧಿಸುತ್ತಾನೆ. ಸಾಕ್ರೆಟೀಸ್ ಮಾತ್ರ ಉದ್ದಕ್ಕೂ ‘ಅಥೆನ್ಸಿನ ಜನರೇ’ ಎನ್ನುತ್ತಾನೆ. ತೀರ್ಪು ಬಂದು, ಮರಣದಂಡನೆ ಗೊತ್ತಾದ ಮೇಲೆ, ತನ್ನ ಬಿಡುಗಡೆಗೆ ಮತ ಹಾಕಿದವರ ಕಡೆ ತಿರುಗಿ ಮೊದಲ ಬಾರಿಗೆ ‘ನ್ಯಾಯದರ್ಶಿಗಳೇ’ ಎಂದು ಕರೆದು, ನಿಮ್ಮನ್ನು ಹಾಗೆ ಕರೆಯುವುದು ಸರಿಯಾಗಿದೆ ಎನ್ನುತ್ತಾನೆ. ಆ ಹೆಸರಿಗೆ ಯಾರು ತಕ್ಕವರೆಂದು ಆತ ಕೊನೆಯವರೆಗೆ ಕಾದು ನೋಡಿದ್ದಾನೆ. ಎರಡೂ ಸಂಬೋಧನೆಗಳಿಗೆ ‘ಮಹನೀಯರೇ’ ಎಂದು ಒಂದೇ ಪದ ಬಳಸಿದ ಅನುವಾದದಲ್ಲಿ, ಇಡೀ ಭಾಷಣದ ಮೇಲೆ ಸಾಕ್ರೆಟೀಸ್ ನೀಡಿದ ಈ ತೀರ್ಪು ಓದುಗನಿಗೆ ಕೇಳಿಸುವುದೇ ಇಲ್ಲ.

ಪಾರಿಭಾಷಿಕ ಪದಗಳಲ್ಲಿ ತೊಂದರೆ ಇನ್ನೂ ಆಳವಾದದ್ದು. ‘ಅರೆತೆ’ ಎಂಬ ಪದವನ್ನು ನಾವು ‘ಸದ್ಗುಣ’ ಎಂದು ಅನುವಾದಿಸುತ್ತೇವೆ. ಆದರೆ ಪ್ಲೇಟೋ ಕುದುರೆಗೂ ಕಣ್ಣಿಗೂ ದ್ರಾಕ್ಷಿಬಳ್ಳಿ ಕತ್ತರಿಸುವ ಕುಡುಗೋಲಿಗೂ ‘ಅರೆತೆ’ ಇದೆ ಎನ್ನುತ್ತಾನೆ. ತನ್ನ ಕೆಲಸವನ್ನು ಚೆನ್ನಾಗಿ ಮಾಡಬಲ್ಲ ಗುಣವೇ ಅದು. ‘ಸದ್ಗುಣವನ್ನು ಕಲಿಸಬಹುದೇ’ ಎಂಬ ಪ್ರಶ್ನೆ ಕನ್ನಡದಲ್ಲಿ ನೀತಿಪಾಠದ ಪ್ರಶ್ನೆಯಂತೆ ಕೇಳಿಸುತ್ತದೆ. ಗ್ರೀಕಿನಲ್ಲಿ ಅದು, ಕುಡುಗೋಲಿಗೆ ಹರಿತವಿರುವಂತೆ ಮನುಷ್ಯನಿಗೂ ಅವನದೇ ಆದ ಒಂದು ಹಿರಿಮೆ ಇದೆಯೇ, ಇದ್ದರೆ ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬಹುದೇ ಎಂಬ ಪ್ರಶ್ನೆ. ‘ಹಮರ್ತಿಯಾ’ ಎಂಬುದನ್ನು ನಮ್ಮ ಪಠ್ಯಗಳು ‘ದುರಂತ ದೋಷ’ ಎಂದು ಕಲಿಸಿ, ಈಡಿಪಸನ ಸ್ವಭಾವದಲ್ಲಿ ಕಳಂಕವನ್ನು ಹುಡುಕಲು ವಿದ್ಯಾರ್ಥಿಗಳನ್ನು ಕಳುಹಿಸುತ್ತವೆ. ಆ ಪದದ ಧಾತುವಿಗೆ ಗುರಿ ತಪ್ಪುವುದು ಎಂಬ ಅರ್ಥವಿದೆ. ಎಸೆದ ಭರ್ಜಿ ಬೇರೆಡೆ ಬೀಳುವುದಕ್ಕೆ ಹೋಮರ್ ಬಳಸುವ ಕ್ರಿಯಾಪದವೇ ಅದು. ಅರಿಸ್ಟಾಟಲ್ ಹೇಳುವುದೂ ನಾಯಕನು ದುಷ್ಟತನದಿಂದಲ್ಲ, ಯಾವುದೋ ಒಂದು ಹಮರ್ತಿಯಾದಿಂದ ಬೀಳುತ್ತಾನೆ ಎಂದು. ತನ್ನ ತಂದೆ ತಾಯಿ ಯಾರೆಂದು ಅರಿಯದೆ ನಡೆದವನಿಗೆ ದೋಷವನ್ನು ಅಂಟಿಸುವುದು ನನ್ನ ದೃಷ್ಟಿಯಲ್ಲಿ ಆ ನಾಟಕಕ್ಕೆ ಮಾಡುವ ಅನ್ಯಾಯ.

‘ದುರಂತ ನಾಟಕ’ ಎಂಬ ಹೆಸರೂ ಹಾಗೆಯೇ. ಗ್ರೀಕ್ ‘ತ್ರಗೋಯ್ದಿಯಾ’ ಕೆಟ್ಟದಾಗಿಯೇ ಮುಗಿಯಬೇಕೆಂಬ ನಿಯಮವಿಲ್ಲ. ಸೋಫೋಕ್ಲಿಸನ ‘ಫಿಲೊಕ್ಟೀಟಿಸ್’ ನಾಯಕನ ಗಾಯ ವಾಸಿಯಾಗುವ ಭರವಸೆಯಲ್ಲಿ ಮುಗಿಯುತ್ತದೆ. ಈಸ್ಕಿಲಸನ ‘ಒರೆಸ್ಟಿಯಾ’ ನಾಟಕತ್ರಯ ಕೊಲೆಯ ಮೇಲೆ ಕೊಲೆಯನ್ನು ತೋರಿಸಿ, ಕೊನೆಗೆ ನ್ಯಾಯಾಲಯದ ಸ್ಥಾಪನೆಯಲ್ಲೂ ದೀಪಧಾರಿಗಳ ಮೆರವಣಿಗೆಯಲ್ಲೂ ಮುಗಿಯುತ್ತದೆ. ಕನ್ನಡದಲ್ಲಿ ಬಳಕೆಗೆ ಬಂದಿರುವ ‘ರುದ್ರನಾಟಕ’ ಎಂಬ ಇನ್ನೊಂದು ಪದ ಈ ವಿಷಯದಲ್ಲಿ ಎಷ್ಟೋ ಮೇಲು. ಅದು ಅಂತ್ಯವನ್ನು ಹೇಳದೆ ನಾಟಕದ ಗಾಂಭೀರ್ಯವನ್ನೂ ದೈವಸಂಬಂಧವನ್ನೂ ಸೂಚಿಸುತ್ತದೆ.

ನೀವು ಶ್ರೀಯವರಿಂದ ಹೊರಟದ್ದು ಒಳ್ಳೆಯದೇ ಆಯಿತು. 1929ರ ‘ಅಶ್ವತ್ಥಾಮನ್’ ಸೋಫೋಕ್ಲಿಸನ ‘ಅಜಾಕ್ಸ್’ ನಾಟಕದ ಅನುವಾದವಲ್ಲ, ರೂಪಾಂತರ. ಸೋಫೋಕ್ಲಿಸನ ಅಜಾಕ್ಸ್ ಅವಮಾನವನ್ನು ತಾಳಲಾರದೆ ತನ್ನ ಖಡ್ಗದ ಮೇಲೆಯೇ ಬಿದ್ದು ಸಾಯುವ ವೀರ. ನಮ್ಮ ಪರಂಪರೆಯ ಅಶ್ವತ್ಥಾಮ ಸಾವಿಲ್ಲದವನು. ಗ್ರೀಕ್ ವಸ್ತುವಿಗೆ ನಿಷ್ಠರಾಗಿ ಚಿರಂಜೀವಿಯನ್ನು ಸಾಯಿಸಬೇಕಾದಾಗ ಎರಡು ಲೋಕಗಳು ಎಲ್ಲಿ ಒಂದಕ್ಕೊಂದು ಕೂಡುವುದಿಲ್ಲವೆಂಬುದು ನಿಚ್ಚಳವಾಗಿ ಕಾಣುತ್ತದೆ. ಮುಂದೆ 1935ರ ‘ಪಾರಸಿಕರು’ ಅನುವಾದದಲ್ಲಿ ಅವರು ಈಸ್ಕಿಲಸನ ಕಥೆಯನ್ನು ಇಲ್ಲಿಗೆ ತರದೆ ಅದರ ಸ್ಥಳದಲ್ಲೇ ಬಿಟ್ಟರು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಅನುವಾದವೆಂಬ ಕೆಲಸದ ಬಗೆಗೆ ಬಹಳಷ್ಟು ತಿಳಿಯುತ್ತದೆ.

ಇನ್ನು ಭಾಷೆ. ಗ್ರೀಕ್ ಕಠಿಣವೆಂಬ ಮಾತು ಇಂಗ್ಲಿಷ್ ಮಾತನಾಡುವವರ ಅನುಭವದಿಂದ ಹುಟ್ಟಿದ್ದು. ಸ್ವಲ್ಪ ಸಂಸ್ಕೃತ ಬಲ್ಲ ಕನ್ನಡಿಗರಿಗೆ ಅದು ಅಷ್ಟಾಗಿ ಅನ್ವಯಿಸುವುದಿಲ್ಲ. ಗ್ರೀಕಿನ ಇಪ್ಪತ್ತನಾಲ್ಕು ಅಕ್ಷರಗಳಲ್ಲಿ ಹ್ರಸ್ವ ಎ ಮತ್ತು ದೀರ್ಘ ಏ, ಹ್ರಸ್ವ ಒ ಮತ್ತು ದೀರ್ಘ ಓ ಬೇರೆ ಬೇರೆ ಅಕ್ಷರಗಳು. ಇದು ನಾಗರಿ ಲಿಪಿಯ ಸಂಸ್ಕೃತದಲ್ಲೂ ಇಲ್ಲದ, ನಮಗೆ ಮಾತ್ರ ಹುಟ್ಟಿನಿಂದ ಬಂದ ವ್ಯತ್ಯಾಸ. ಪ್ರಾಚೀನ ಉಚ್ಚಾರದಲ್ಲಿ ಪ, ತ, ಕ ಮತ್ತು ಅವುಗಳ ಮಹಾಪ್ರಾಣಗಳು ಬೇರೆಬೇರೆ ಧ್ವನಿಗಳಾಗಿದ್ದವು. ಇಂಗ್ಲಿಷಿನವರು ಅದನ್ನು ಕಷ್ಟಪಟ್ಟು ಕಲಿಯಬೇಕು, ನಮ್ಮ ವರ್ಣಮಾಲೆಯಲ್ಲಿ ಅದು ಸಿದ್ಧವಾಗಿಯೇ ಇದೆ. ವ್ಯಾಕರಣದಲ್ಲಿ ದ್ವಿವಚನವಿದೆ, ಆತ್ಮನೇಪದವನ್ನು ಹೋಲುವ ಮಧ್ಯಮ ಪ್ರಯೋಗವಿದೆ, ಭೂತಕಾಲಕ್ಕೆ ಕ್ರಿಯಾಪದದ ಮುಂದೆ ಬರುವ ಆಗಮವಿದೆ: ಸಂಸ್ಕೃತದ ‘ಅಭರಮ್’ ಗ್ರೀಕಿನಲ್ಲಿ ‘ಎಫೆರೊನ್’, ‘ದದಾಮಿ’ ಎಂಬುದು ‘ದಿದೋಮಿ’, ‘ಅಸ್ತಿ’ ಎಂಬುದು ‘ಎಸ್ತಿ’. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ದೇವರೆಂಬ ಅರ್ಥದ ಗ್ರೀಕ್ ‘ಥೆಒಸ್’ ಮತ್ತು ಸಂಸ್ಕೃತದ ‘ದೇವ’ ಒಂದೇ ಮೂಲದವೆಂದು ಕಿವಿಗೆ ತೋರುತ್ತದೆ, ಆದರೆ ಅಲ್ಲ. ‘ದೇವ’ ಪದದ ನಂಟಿರುವುದು ಲ್ಯಾಟಿನ್ನಿನ ‘ದೇಉಸ್’ ಜೊತೆಗೆ; ‘ದ್ಯೌಃ’ ಪದದ ನಂಟಿರುವುದು ಗ್ರೀಕರ ಜ್ಯೂಸ್ ಹೆಸರಿಗೆ. ಕಿವಿಗೆ ಒಪ್ಪಿದ್ದನ್ನೆಲ್ಲ ಸಂಬಂಧವೆಂದು ಹಿಡಿಯುವ ಚಪಲ ಈ ಅಧ್ಯಯನದಲ್ಲಿ ಬಹಳ ಜನರನ್ನು ದಾರಿ ತಪ್ಪಿಸಿದೆ.

ಛಂದಸ್ಸಿನಲ್ಲಿ ನೀವು ಇನ್ನೂ ಮುಂದಿದ್ದೀರಿ. ಹೋಮರನ ಪಂಕ್ತಿಯ ಲೆಕ್ಕ ಗುರುಲಘುಗಳದ್ದು. ಪಂಕ್ತಿಗೆ ಆರು ಗಣ; ಒಂದೊಂದೂ ನಮ್ಮ ಭಗಣ, ಅಂದರೆ ಒಂದು ಗುರು ಎರಡು ಲಘು, ಅಥವಾ ಅದರ ಬದಲಿಗೆ ಎರಡು ಗುರು; ಕೊನೆಯ ಗಣಕ್ಕೆ ಎರಡೇ ಅಕ್ಷರ. ‘ಇಲಿಯಡ್’ ಕಾವ್ಯದ ಮೊದಲ ಪಂಕ್ತಿ ‘ಮೇನಿನ್’ ಎಂಬ ಪದದಿಂದ, ಅಂದರೆ ಕ್ರೋಧ ಎಂಬ ಪದದಿಂದ ಆರಂಭವಾಗುತ್ತದೆ. ಅದಕ್ಕೆ ಪ್ರಸ್ತಾರ ಹಾಕಿ ನೋಡಿ. ತರಗತಿಯಲ್ಲಿ ಮಕ್ಕಳಿಗೆ ಕಂದಪದ್ಯಕ್ಕೆ ಹಾಕಿಸುವ ಅದೇ ಕ್ರಮ ಇಲ್ಲೂ ನಡೆಯುತ್ತದೆ. ಈ ಕಾವ್ಯದ ಪಂಕ್ತಿಗಳು 15,600ಕ್ಕೂ ಹೆಚ್ಚು. ‘ಶೀಘ್ರಪಾದ ಅಖಿಲೀಸ್’ ಎಂಬಂಥ ವಿಶೇಷಣಗಳು, ಅವನು ಕುಳಿತಿರುವಾಗಲೂ, ಮತ್ತೆ ಮತ್ತೆ ಏಕೆ ಬರುತ್ತವೆಂಬುದನ್ನು ವಿದ್ವಾಂಸ ಮಿಲ್ಮನ್ ಪ್ಯಾರಿ ವಿವರಿಸಿ, 1930ರ ದಶಕದಲ್ಲಿ ಯುಗೊಸ್ಲಾವಿಯಾದ ಜನಪದ ಗಾಯಕರನ್ನು ಕೇಳಿ ದೃಢಪಡಿಸಿಕೊಂಡರು: ಹಾಡುತ್ತಲೇ ಕಾವ್ಯ ಕಟ್ಟುವವನಿಗೆ ಛಂದಸ್ಸಿನ ಇಂತಿಂಥ ಜಾಗದಲ್ಲಿ ಕೂರುವ ಸಿದ್ಧ ನುಡಿಗಟ್ಟುಗಳು ಬೇಕು. ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರ ಬಾಯಲ್ಲಿ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಕೈಗೆ ಬಂದಿರುವುದು ಉಳಿಕೆ ಮಾತ್ರ ಎಂಬುದನ್ನು ಆರಂಭದಿಂದಲೇ ನೆನಪಿಟ್ಟುಕೊಳ್ಳಬೇಕು. ಸೋಫೋಕ್ಲಿಸ್ ಬರೆದದ್ದು 120ಕ್ಕೂ ಹೆಚ್ಚು ನಾಟಕ. ಪೂರ್ಣವಾಗಿ ಉಳಿದದ್ದು ಏಳು. ಶಾಲೆಗಳಲ್ಲಿ ಪಾಠಕ್ಕೆಂದು ಆರಿಸಿದವುಗಳನ್ನು ಪ್ರತಿ ಮಾಡುತ್ತ ಬಂದರು, ಉಳಿದವು ಹೋದವು. ಯೂರಿಪಿಡೀಸನ ನಾಟಕಗಳು ಹೆಚ್ಚು ಉಳಿದಿರುವುದಕ್ಕೆ ಕಾರಣ, ಅಕಾರಾದಿಯಾಗಿ ಜೋಡಿಸಿದ್ದ ಅವನ ಸಮಗ್ರ ಕೃತಿಗಳ ಒಂದು ಭಾಗ ಅದೃಷ್ಟವಶಾತ್ ನಾಶವಾಗದೆ ಉಳಿದದ್ದು. ಕವಯಿತ್ರಿ ಸ್ಯಾಫೋಳ ಪದ್ಯಗಳನ್ನು ಅಲೆಕ್ಸಾಂಡ್ರಿಯದ ವಿದ್ವಾಂಸರು ಒಂಬತ್ತು ಸಂಪುಟಗಳಲ್ಲಿ ಇಟ್ಟಿದ್ದರು. ಇಡಿಯಾಗಿ ಉಳಿದದ್ದೆಂದು ನಿಸ್ಸಂದೇಹವಾಗಿ ಹೇಳಬಹುದಾದ ಪದ್ಯ ಒಂದೇ. ಅರಿಸ್ಟಾಟಲ್ ಜನರಿಗಾಗಿ ಬರೆದ ಸಂವಾದಗಳ ಶೈಲಿಯನ್ನು ರೋಮಿನ ವಾಗ್ಮಿ ಸಿಸೆರೊ ಹೊನ್ನಿನ ಹೊಳೆಗೆ ಹೋಲಿಸಿದ್ದಾನೆ. ಆ ಸಂವಾದಗಳು ಕಳೆದುಹೋಗಿ, ನಾವು ಓದುವುದು ಪಾಠಕ್ಕೆಂದು ಮಾಡಿಕೊಂಡ ಬಿಗಿಯಾದ ಟಿಪ್ಪಣಿಗಳನ್ನು. ಅವನು ಶುಷ್ಕ ಬರಹಗಾರನೆಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿಕೊಳ್ಳಿ. ಪ್ಲೇಟೋನದು ಮಾತ್ರ ಎಲ್ಲವೂ ಉಳಿದಿದೆ. ಅವನ ಮುಖ್ಯ ಹಸ್ತಪ್ರತಿಗಳಲ್ಲೊಂದು, ಕ್ರಿ.ಶ. 895ರಲ್ಲಿ ಬೈಜಾಂಟಿಯಮ್ಮಿನ ಲಿಪಿಕಾರನೊಬ್ಬ ಬರೆದು ಮುಗಿಸಿದ್ದು, ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಹುಡುಕಾಟ ಇಂದಿಗೂ ಮುಗಿದಿಲ್ಲ: ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಗೆ ಸಿಕ್ಕಿ ಇದ್ದಿಲಾದ ಹರ್ಕ್ಯುಲೇನಿಯಮ್ಮಿನ ಸುರುಳಿಗಳೊಳಗಿನ ಅಕ್ಷರಗಳನ್ನು, ಸುರುಳಿ ಬಿಚ್ಚದೆಯೇ ಕ್ಷಕಿರಣ ಚಿತ್ರ ಮತ್ತು ಕಂಪ್ಯೂಟರ್ ನೆರವಿನಿಂದ 2023ರಲ್ಲಿ ಓದತೊಡಗಿದ್ದಾರೆ.

ರೋಮನ್ನರನ್ನು ಗ್ರೀಕರ ಬಾಲವೆಂದು ಕಾಣಬೇಡಿ. ಅವರ ಸಾಹಿತ್ಯ ಅನುವಾದದಿಂದಲೇ ಆರಂಭವಾಯಿತು ಎಂಬುದು ಕನ್ನಡಿಗರಿಗೆ ಹತ್ತಿರದ ಸಂಗತಿ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಲಿವಿಯಸ್ ಆಂಡ್ರೊನಿಕಸ್ ‘ಒಡಿಸ್ಸಿ’ಯನ್ನು ಲ್ಯಾಟಿನ್ನಿಗೆ ತಂದ, ಕೆಟಲಸ್ ಸ್ಯಾಫೋಳ ಪದ್ಯವೊಂದನ್ನು ಲ್ಯಾಟಿನ್ನಿನಲ್ಲಿ ಮರುಹುಟ್ಟಿಸಿದ, ಸಿಸೆರೊ, ಮಗಳು ಟುಲಿಯಾ ಕ್ರಿ.ಪೂ. 45ರಲ್ಲಿ ತೀರಿಕೊಂಡ ಮೇಲೆ, ಗ್ರೀಕ್ ತತ್ತ್ವಶಾಸ್ತ್ರವನ್ನು ತನ್ನ ನುಡಿಗೆ ತರುವ ಕೆಲಸಕ್ಕೆ ತನ್ನನ್ನು ಕೊಟ್ಟುಕೊಂಡ. ಇಂಗ್ಲಿಷಿನ ಮೂಲಕ ನಮಗೂ ಬಂದಿರುವ ‘ಕ್ವಾಲಿಟಿ’, ‘ಮಾರಲ್’ ಎಂಬ ಪದಗಳು ಆತ ಗ್ರೀಕ್ ಪದಗಳಿಗೆ ಸರಿಯಾಗಿ ಟಂಕಿಸಿದವುಗಳಿಂದ ಇಳಿದವು. ವರ್ಜಿಲನನ್ನು ಓದುವಾಗ ನಿಮಗೆ ಪಂಪನ ನೆನಪಾಗದಿರದು: ಒಬ್ಬ ಹೋಮರನ ಎರಡೂ ಕಾವ್ಯಗಳನ್ನು ತನ್ನೊಳಗೆ ಕರಗಿಸಿ ಈನಿಯಸನ ಕಥೆಯಲ್ಲಿ ಆಗಸ್ಟಸನ ರೋಮನ್ನು ಕಾಣಿಸಿದ, ಇನ್ನೊಬ್ಬ 941ರಲ್ಲಿ ವ್ಯಾಸಭಾರತವನ್ನು ಕನ್ನಡದಲ್ಲಿ ಹೇಳುತ್ತ ಅರ್ಜುನನಲ್ಲಿ ಅರಿಕೇಸರಿಯನ್ನು ಕಾಣಿಸಿದ. ಒಂದರ ಪ್ರಭಾವ ಇನ್ನೊಂದರ ಮೇಲಿಲ್ಲ. ಆದರೆ ಹಿರಿಯ ಭಾಷೆಯೊಂದರ ಎದುರು ತನ್ನ ನುಡಿಯನ್ನು ನಿಲ್ಲಿಸುವ ಕವಿಯ ಇಕ್ಕಟ್ಟು ಒಂದೇ ಬಗೆಯದು.

ಇವರ ಸಂಸ್ಕೃತಿಯನ್ನು ಓದುವವರು ಗುಲಾಮಗಿರಿಯನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಅಥೆನ್ಸಿನ ಪ್ರಜಾಪ್ರಭುತ್ವದಲ್ಲಿ ಹೆಂಗಸರಿಗೆ ಮತವಿರಲಿಲ್ಲ, ಗುಲಾಮರು ಪೌರರೇ ಆಗಿರಲಿಲ್ಲ. ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರಿದ್ದಾರೆಂದು ಅರಿಸ್ಟಾಟಲ್ ತನ್ನ ‘ಪಾಲಿಟಿಕ್ಸ್’ ಗ್ರಂಥದಲ್ಲಿ ವಾದಿಸಿದ್ದಾನೆ. ಸ್ಟೋಯಿಕ್ ಪಂಥದ ತತ್ತ್ವಜ್ಞಾನಿಗಳು ಇಂದು ಮನೋನಿಗ್ರಹದ ಸುಭಾಷಿತಗಳಾಗಿ ಹಂಚಿಹೋಗಿದ್ದಾರೆ. ಅವರಲ್ಲಿ ಎಪಿಕ್ಟೀಟಸ್ ಗುಲಾಮನಾಗಿದ್ದವನು, ಮಾರ್ಕಸ್ ಔರೇಲಿಯಸ್ ಚಕ್ರವರ್ತಿ. ‘ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು’ ಎಂಬ ಒಂದೇ ವಿವೇಚನೆ ಸ್ವಂತ ದೇಹದ ಮೇಲೂ ಹಕ್ಕಿಲ್ಲದವನ ಬಾಯಲ್ಲಿ ಮತ್ತು ಸಾಮ್ರಾಜ್ಯವನ್ನೇ ಆಳುವವನ ದಿನಚರಿಯಲ್ಲಿ ಒಂದೇ ಅರ್ಥ ಕೊಡುತ್ತದೆಯೇ ಎಂದು ಕೇಳಿಕೊಂಡು ಓದಿದರೆ ಮಾತ್ರ ಆ ತತ್ತ್ವದ ತೂಕ ತಿಳಿಯುತ್ತದೆ. ರೋಮಿನ ಚಕ್ರವರ್ತಿ ತನಗಾಗಿ ಬರೆದುಕೊಂಡದ್ದು ಗ್ರೀಕಿನಲ್ಲಿ ಎಂಬುದನ್ನೂ ಗಮನಿಸಿ.

ಪ್ರಹಸನದ ವಿಷಯ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಪ್ರಾಚೀನ ಕಸದ ದಿಬ್ಬಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಪ್ರಕಟಿಸಿದ 413ನೆಯ ಪಪೈರಸ್ ಅದು, ಬರಹ ಕ್ರಿ.ಶ. ಎರಡನೆಯ ಶತಮಾನದ್ದು. ಭಾರತದ ತೀರದಲ್ಲಿ ಸೆರೆಯಾದ ಖರಿಟಿಯಾನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಲು ಅವಳ ಸಹೋದರನ ಕಡೆಯವರು ಬಂದು, ರಾಜನಿಗೂ ಅವನ ಜನರಿಗೂ ನೀರು ಬೆರೆಸದ ಮದ್ಯ ಕುಡಿಸಿ ಪಾರಾಗುವ ಕಥೆ. ಯೂರಿಪಿಡೀಸನ ಇಫಿಜೀನಿಯಾ ನಾಟಕವೊಂದರ ಅಣಕು. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತುಗಳನ್ನು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಕನ್ನಡವೆಂದು ಗುರುತಿಸಲು ಯತ್ನಿಸಿದರು, ಆರ್. ಶಾಮಾಶಾಸ್ತ್ರಿ ಮತ್ತು ಗೋವಿಂದ ಪೈ ಅವರೂ ಇದನ್ನು ಚರ್ಚಿಸಿದ್ದಾರೆ. ಅದು ತುಳು ಎಂದವರಿದ್ದಾರೆ, ನಗಿಸಲು ಕಟ್ಟಿದ ಅರ್ಥವಿಲ್ಲದ ಶಬ್ದಗಳೆಂದವರೂ ಇದ್ದಾರೆ. ಪದ ವಿಭಾಗವಿಲ್ಲದೆ ಬರೆದ ಪರಭಾಷೆಯ ಧ್ವನಿಗಳನ್ನು ಬೇಕಾದಂತೆ ಒಡೆದರೆ ಬೇಕಾದ ಭಾಷೆ ಸಿಗುವ ಅಪಾಯವಿದೆ. ಆದುದರಿಂದ ಕನ್ನಡವಿರುವ ಸಾಧ್ಯತೆಯನ್ನು ತಳ್ಳಿಹಾಕದೆ, ಅದು ಸಿದ್ಧವಾಗಿದೆಯೆಂದು ತರಗತಿಯಲ್ಲಿ ಹೇಳದೆ ಇರುವುದೇ ಸರಿ.

ಆರಂಭಕ್ಕೆ ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಇರುವ ಲೋಬ್ ಗ್ರಂಥಮಾಲೆಯಲ್ಲಿ ಗ್ರೀಕಿಗೆ ಹಸಿರು ರಟ್ಟು, ಲ್ಯಾಟಿನ್ನಿಗೆ ಕೆಂಪು ರಟ್ಟು. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯದಲ್ಲಿ ಯಾವ ಪದವನ್ನು ಒತ್ತಿದರೂ ಅದರ ರೂಪವೂ ನಿಘಂಟಿನ ಅರ್ಥವೂ ಉಚಿತವಾಗಿ ದೊರೆಯುತ್ತವೆ. ಎರಡು ಭಾಷೆಗಳನ್ನು ಒಟ್ಟಿಗೆ ಹಿಡಿಯಬೇಡಿ. ಮೊದಲು ಗ್ರೀಕ್, ಲ್ಯಾಟಿನ್ ಆಮೇಲೆ. ದಿನಕ್ಕೆ ಒಂದು ಗಂಟೆಯನ್ನು ತಪ್ಪದೆ ಕೊಟ್ಟರೆ ಒಂದು ವರ್ಷದ ಕೊನೆಗೆ ನಿಘಂಟಿನ ನೆರವಿನಿಂದ ಪ್ಲೇಟೋನ ಸರಳ ಗದ್ಯವನ್ನು ಓದಬಲ್ಲಿರಿ ಎಂದು ನನ್ನ ಅಂದಾಜು.

ಅಕ್ಷರಗಳನ್ನು ಕಲಿತ ವಾರವೇ, ವ್ಯಾಕರಣಕ್ಕೆ ಕಾಯದೆ, ಪ್ರತಿವಾದದ ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ: ‘ಹೊ ತಿ ಮೆನ್ ಹ್ಯುಮೆಯ್ಸ್, ಓ ಆಂದ್ರೆಸ್ ಅಥೇನಾಯೊಯ್, ಪೆಪೊಂಥತೆ ಹ್ಯುಪೊ ತೋನ್ ಎಮೋನ್ ಕತೇಗೊರೋನ್, ಊಕ್ ಒಯ್ದ’. ಅಥೆನ್ಸಿನ ಜನರೇ, ನನ್ನ ಆಪಾದಕರಿಂದ ನಿಮಗೇನಾಗಿದೆಯೋ ನಾನರಿಯೆ. ಕೆಲವು ಇಂಗ್ಲಿಷ್ ಅನುವಾದಗಳು ‘ನಾನರಿಯೆ’ ಎಂಬುದನ್ನು ವಾಕ್ಯದ ತಲೆಗೆ ಒಯ್ಯುತ್ತವೆ. ಗ್ರೀಕಿನಲ್ಲಿ ಅದು ಕೊನೆಯಲ್ಲಿದೆ, ಕನ್ನಡದಲ್ಲೂ ತಾನಾಗಿ ಕೊನೆಯಲ್ಲೇ ಬಂದು ಕೂರುತ್ತದೆ. ಆ ‘ಒಯ್ದ’ ಎಂಬ ಪದ, ‘ನಾನು ಬಲ್ಲೆ’ ಎಂಬ ಅರ್ಥದ ಸಂಸ್ಕೃತ ಕ್ರಿಯಾಪದ ‘ವೇದ’ ಎಂಬುದರ ಒಡಹುಟ್ಟು.